ಜಗನ್ಮೋಹನ ಅರಮನೆಯ ದೀಪದ ಚಿತ್ರ: ಪ್ರಿಂಟ್ ಕೊಳ್ಳುವ ಮುಂಚೆ ಮೂಲ ನೋಡಿ

ನಮ್ಮ ವಾರ್ಡಿನ ಸೀನಿಯರ್ ಸಿಸ್ಟರ್ ಹೋದ ತಿಂಗಳು ರಿಟೈರ್ ಆದರು. ಅವರಿಗೆ ಏನು ಕೊಡೋಣ ಅಂತ ಎಲ್ಲರೂ ಯೋಚಿಸುತ್ತಿದ್ದಾಗ ನಾನೇ ಹೇಳಿದೆ, ಜಗನ್ಮೋಹನ ಅರಮನೆಯ ದೀಪದ ಚಿತ್ರ ಕೊಡೋಣ ಅಂತ. ಅಷ್ಟು ವರ್ಷ ನೈಟ್ ಡ್ಯೂಟಿ ಮಾಡಿದವರಿಗೆ ಅದೇ ಸರಿ ಅನ್ನಿಸಿತು. ಮೈಸೂರಿನ ಒಂದು ಫ್ರೇಮ್ ಅಂಗಡಿಗೆ ಹೋದೆ. ಒಂದೂವರೆ ಅಡಿ ಎತ್ತರದ ಪ್ರಿಂಟ್, ತೇಗದ ಬಣ್ಣದ ಕಟ್ಟು, ಗಾಜು, ಎಲ್ಲ ಸೇರಿ 1,450 ರೂಪಾಯಿ. ಕಟ್ಟು ಚೆನ್ನಾಗಿದೆ. ನಾಲ್ಕು ಮೂಲೆಯೂ ಸಂದಿಲ್ಲದೆ ಕೂತಿವೆ. ಹಿಂದೆ ಹುಳ ಹೋಗದ ಹಾಗೆ ಟೇಪ್ ಹಾಕಿದ್ದಾರೆ. ಹೇಳಿದ ದಿನಕ್ಕೇ ಕೊಟ್ಟರು. ಅಷ್ಟಕ್ಕೆ ಪೂರ್ತಿ ಮಾರ್ಕು.

ಚಿತ್ರದ ವಿಷಯದಲ್ಲಿ ಮಾತ್ರ ನನಗೆ ಬೇಜಾರಾಯಿತು. ಅದನ್ನು ಹೇಳಬೇಕಾದರೆ ಮೂಲದ ಬಗ್ಗೆ ಮೊದಲು ಹೇಳಬೇಕು.

ಒಬ್ಬ ಹೆಂಗಸು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ದೀಪಕ್ಕೆ ಅಡ್ಡ. ಬೆಳಕು ಅಂಗೈಗೆ ಬಡಿದು ಅವಳ ಮುಖಕ್ಕೆ ಏರುತ್ತದೆ. ಬೆರಳುಗಳ ಒಳಗಿನಿಂದ ಕೆಂಪು ಹೊಳೆಯುತ್ತದೆ. ಆ ಕೆಂಪೇ ಈ ಚಿತ್ರದ ಜೀವ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ ಆ ಕೆಂಪು ನನಗೆ ಚೆನ್ನಾಗಿ ಗೊತ್ತು.

ಎಳೆ ಕೂಸುಗಳಿಗೆ ಡ್ರಿಪ್ ಹಾಕುವಾಗ ಎಷ್ಟೋ ಸಲ ವೇನ್, ಅಂದರೆ ರಕ್ತನಾಳ, ಸಿಗುವುದಿಲ್ಲ. ಆಗ ವಾರ್ಡಿನ ಲೈಟ್ ಆರಿಸಿ, ಬಿಸಿಯಾಗದ ಸಣ್ಣ ಟಾರ್ಚನ್ನು ಕೂಸಿನ ಅಂಗೈ ಕೆಳಗೆ ಹಿಡಿಯುತ್ತೇವೆ. ಆ ಪುಟ್ಟ ಕೈ ದಾಸವಾಳದ ಹಾಗೆ ಕೆಂಪಾಗುತ್ತದೆ. ಅದರ ನಡುವೆ ವೇನ್ ಕಪ್ಪು ಗೆರೆಯಾಗಿ ಕಾಣುತ್ತದೆ. ರಕ್ತ ಉಳಿದ ಬಣ್ಣಗಳನ್ನೆಲ್ಲ ಹೀರಿಕೊಂಡು ಕೆಂಪನ್ನು ಮಾತ್ರ ಆಚೆ ಬಿಡುತ್ತದೆ, ಅದಕ್ಕೇ ಹಾಗೆ. ಚಿತ್ರ ಬರೆದವರಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ, ಕಣ್ಣಿಗೆ ಕಂಡದ್ದನ್ನು ತಪ್ಪದೆ ಹಿಡಿದಿದ್ದಾರೆ. ಬೆರಳಿನ ಅಂಚಿನಲ್ಲಿ, ಮಾಂಸ ತೆಳುವಾಗಿರುವ ಕಡೆ, ಕೆಂಪು ಜಾಸ್ತಿ. ಜೀವ ಇರುವ ಕೈ ಅದು.

ನಾನು ಕೊಂಡ ಪ್ರಿಂಟಿನಲ್ಲಿ ಆ ಕೆಂಪು ಕಿತ್ತಳೆ ಆಗಿದೆ. ಬೆರಳಿಗೆ ಬಣ್ಣ ಬಳಿದುಕೊಂಡ ಹಾಗೆ ಕಾಣುತ್ತದೆ. ಮೇಲಿನ ಗಾಜು ಬೇರೆ ಟ್ಯೂಬ್‌ಲೈಟನ್ನು ಹಾಗೇ ತೋರಿಸುತ್ತದೆ. ಕೊಳ್ಳುವವರು ಹೊಳಪಿಲ್ಲದ ಗಾಜು ಕೇಳಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಎರಡನೇ ಬೇಜಾರು ಇದಕ್ಕಿಂತ ದೊಡ್ಡದು. ಹಿಂದೆ ಅಂಟಿಸಿದ ಚೀಟಿಯಲ್ಲಿ ‘ರಾಜಾ ರವಿವರ್ಮ’ ಅಂತ ಅಚ್ಚು ಹಾಕಿದ್ದರು. ಇದು ರವಿವರ್ಮನ ಚಿತ್ರ ಅಲ್ಲ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಎಸ್.ಎಲ್. ಹಲ್ದಣಕರ್. ಸಾವಂತವಾಡಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, 1908ರಲ್ಲಿ ತಮ್ಮದೇ ಚಿತ್ರಕಲಾ ಶಾಲೆ ತೆರೆದವರು. ರವಿವರ್ಮನ ಹೆಸರು ಎಣ್ಣೆ ಬಣ್ಣದ ಚಿತ್ರಗಳಿಂದ. ಇದು ಜಲವರ್ಣ. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದದ ಬಿಳುಪನ್ನೇ ಉಳಿಸಿಕೊಂಡು ಸುತ್ತ ಬಣ್ಣ ಹಾಕಬೇಕು. ಒಂದು ಹನಿ ಆಚೀಚೆ ಆದರೆ ತಿದ್ದುವುದು ಕಷ್ಟ. ಅಂಗಡಿಯವರಿಗೆ ಹೇಳಿದೆ. ‘ಎಲ್ಲರೂ ಆ ಹೆಸರು ಹೇಳಿಯೇ ಕೇಳ್ತಾರಮ್ಮ’ ಅಂದರು. ಅವರು ಹೇಳಿದ್ದು ನಿಜ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ಹೆಸರು ಬದಲಾದರೆ ನೋಡುವ ರೀತಿಯೂ ಬದಲಾಗುತ್ತದೆ. ಏಳನೇ ಕ್ಲಾಸಿನಲ್ಲಿ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ರವಿವರ್ಮನ ಚಿತ್ರ ಅಂದರು ಮೇಷ್ಟ್ರು. ಅದೇ ಕಟ್ಟಡದಲ್ಲಿ ರವಿವರ್ಮನ ದೇವತೆಗಳನ್ನೂ ರಾಣಿಯರನ್ನೂ ನೋಡಿ ಬಂದಿದ್ದೆವು. ಹಾಗಾಗಿ ಇವಳೂ ಯಾರೋ ರಾಜಕುಮಾರಿ ಅಂದುಕೊಂಡೆ. ಕೋಣೆ ಕತ್ತಲು ಮಾಡಿದಾಗ ದೀಪ ಹೊತ್ತಿಕೊಂಡ ಹಾಗೆ ಆಯಿತು. ಹಿಂದೆ ಬಲ್ಬ್ ಇಟ್ಟಿದ್ದಾರೆ ಅಂತ ನಾವೆಲ್ಲ ಪಣ ಕಟ್ಟಿದೆವು.

ನರ್ಸಿಂಗ್ ಓದುವಾಗ ಮತ್ತೆ ಹೋದೆ, ಗೆಳತಿಯರ ಜೊತೆ. ಆಗಷ್ಟೇ ನಮ್ಮ ದೀಪ ಹಚ್ಚುವ ಕಾರ್ಯಕ್ರಮ ಮುಗಿದಿತ್ತು. ಬಿಳಿ ಯೂನಿಫಾರ್ಮ್ ಹಾಕಿ, ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದೆವು. ಇಂಗ್ಲಿಷಿನಲ್ಲಿ ಈ ಚಿತ್ರವನ್ನು ‘ಲೇಡಿ ವಿತ್ ದ ಲ್ಯಾಂಪ್’ ಅನ್ನುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್‌ಗೂ ಅದೇ ಹೆಸರು, ಅಲ್ವಾ? ಕ್ರಿಮಿಯಾ ಯುದ್ಧದ ಕಾಲದಲ್ಲಿ ರಾತ್ರಿ ಹೊತ್ತು ಗಾಯಾಳುಗಳ ನಡುವೆ ದೀಪ ಹಿಡಿದು ಓಡಾಡಿದವಳು. ನಮಗೆ ಆ ದಿನ ಸೀರೆ ಉಟ್ಟ ನೈಟಿಂಗೇಲ್ ಕಂಡಳು. ಇವಳು ರೌಂಡ್ಸ್‌ಗೆ ಹೊರಟಿದ್ದಾಳೆ, ನಿದ್ದೆ ಬಂದ ರೋಗಿಗೆ ಎಚ್ಚರ ಆಗಬಾರದು ಅಂತ ಬೆಳಕಿಗೆ ಕೈ ಅಡ್ಡ ಹಿಡಿದಿದ್ದಾಳೆ ಅಂತ ಒಬ್ಬಳು ಅಂದಳು. ಎಲ್ಲರೂ ಸುಮ್ಮನಾದೆವು. ಅಷ್ಟು ನಿಜ ಅನ್ನಿಸಿತ್ತು. ಈಗಲೂ ನೈಟ್ ರೌಂಡ್ಸ್‌ನಲ್ಲಿ ಟಾರ್ಚ್ ಹಿಡಿದಾಗ ನನ್ನ ಎಡಗೈ ತಾನಾಗೇ ಅಡ್ಡ ಬರುತ್ತದೆ.

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದ ವರ್ಷ ಅವರನ್ನು ಕರೆದುಕೊಂಡು ಹೋದೆ. ಹುಣಸೂರು ಕಡೆಯ ಹಳ್ಳಿಯವರು. ಅವರ ಮನೆಗೆ ಕರೆಂಟ್ ಬಂದಿದ್ದು ನಾನು ಹುಟ್ಟಿದ ಮೇಲೆ. ತುಂಬ ಹೊತ್ತು ನೋಡಿದರು. ‘ದೀಪ ಆರ್ಬಾರ್ದು ಅಂತ ಅಡ್ಡ ಹಿಡ್ಕಂಡವ್ಳೆ ಕಣವ್ವ’ ಅಂದರು. ‘ಕೊಟ್ಟಿಗೇಗ್ ಹೊಂಟವ್ಳೆ. ಹಸ ಕರು ಹಾಕೋ ದಿನ ಹಿಂಗೇ ಹೋಗ್ತಿದ್ದೋ. ಗಾಳಿ ಬೀಸಿದ್ರೆ ಮುಗೀತು, ತಿರ್ಗಾ ಒಳಗ್ ಬಂದು ಹಚ್ಕಬೇಕು.’ ರಾಜಕುಮಾರಿಯೂ ಇಲ್ಲ, ನೈಟಿಂಗೇಲೂ ಇಲ್ಲ. ಅಮ್ಮ ಹೇಳಿದ ಮೇಲೆ ನೋಡಿದರೆ ಆ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಗಾಳಿ ತಡೆಯುವ ರೀತಿ ನನಗೂ ಕಂಡಿತು. ಬುಡ್ಡಿ ಹಿಡಿದು ಓಡಾಡಿದವರಿಗೆ ಮಾತ್ರ ಅದು ಮೊದಲು ಕಾಣುವುದು.

ಆಮೇಲೆ 2018ರಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಈ ಚಿತ್ರಕ್ಕೆ ನಿಂತವರು ಹಲ್ದಣಕರ್ ಅವರ ಮಗಳು ಗೀತಾ. ಕೊಲ್ಹಾಪುರದಲ್ಲಿ ತೀರಿಕೊಂಡರು, 102 ವರ್ಷ. ಆ ಬೆಳಗ್ಗೆ ಡ್ಯೂಟಿ ಮುಗಿದಿತ್ತು, ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದೆ. ಅಷ್ಟು ವರ್ಷ ನಾವೆಲ್ಲ ಅವಳನ್ನು ಯಾರ್‍ಯಾರೋ ಮಾಡಿದ್ದೆವು. ಅವರು ಮಾತ್ರ ಅಪ್ಪ ಹೇಳಿದ ಕಡೆ ದೀಪ ಹಿಡಿದು ನಿಂತ ಮಗಳು. ಕೈ ನೋಯುತ್ತಿತ್ತೇನೋ. ಅಪ್ಪನೂ ಬಣ್ಣ ಒಣಗುವ ಮುಂಚೆ ಮುಗಿಸಬೇಕು ಅಂತ ಆತುರದಲ್ಲಿ ಇದ್ದರೇನೋ. ರವಿವರ್ಮ ಅನ್ನುವ ಹೆಸರು ಈ ಅಪ್ಪ ಮಗಳನ್ನು ಇಬ್ಬರನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ಆ ಚೀಟಿ ನನ್ನನ್ನು ಅಷ್ಟು ಚುಚ್ಚಿದ್ದು.

ಪ್ರಿಂಟ್ ತಂದ ಮೇಲೆ ಮನಸ್ಸು ತಡೆಯಲಿಲ್ಲ. ಐದು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಮೂಲ ನೋಡಲು ಹೋದೆ. ಹೋಗುವವರಿಗೆ ನಾಲ್ಕು ಮಾತು. ಅರಮನೆ 1861ರದ್ದು, ಮೆಟ್ಟಿಲು ಹತ್ತಬೇಕು, ಮಂಡಿ ನೋವು ಇರುವವರು ನಿಧಾನವಾಗಿ ಹೋಗಿ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟ ಮೇಲೆ, ಈಗಿನ ಅರಮನೆ 1912ರಲ್ಲಿ ಮುಗಿಯುವವರೆಗೆ ರಾಜಮನೆತನ ಇಲ್ಲೇ ಇತ್ತು. ನಾಲ್ವಡಿಯವರ ಪಟ್ಟಾಭಿಷೇಕವೂ ಇಲ್ಲೇ ಆಯಿತು. ಮಕ್ಕಳಿದ್ದರೆ ಫ್ರೆಂಚ್ ಗಡಿಯಾರದ ಹತ್ತಿರ ನಿಲ್ಲಿಸಿ, ಅದರಲ್ಲಿರುವ ಪುಟ್ಟ ಸೈನಿಕ ಗೊಂಬೆಗಳು ಇಷ್ಟ ಆಗುತ್ತವೆ. ದೀಪದ ಚಿತ್ರದ ಎದುರು ಗುಂಪು ಇದ್ದರೆ ಹಿಂದೆ ಸರಿದು ಕಾಯಿರಿ. ಗುಂಪು ಎರಡು ನಿಮಿಷದಲ್ಲಿ ಹೋಗುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಒಗ್ಗಿದ ಮೇಲೆ ಕಾಣುವ ಕೆಂಪೇ ಬೇರೆ. ಇದಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಮೊಮ್ಮಗಳು ಕೈ ಹಿಡಿದು ಎಳೆದಳು. ‘ಅಜ್ಜಿ, ಅವಳ ಕೈ ಸುಡಲ್ವಾ?’ ಈ ಪ್ರಶ್ನೆ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಸ್ವಿಚ್ ಒತ್ತಿದರೆ ಬೆಳಕು ಬರುವ ಮನೆಯಲ್ಲಿ ಹುಟ್ಟಿದವಳು ಅವಳು. ಬೆಂಕಿಯಿಂದ ಬೆಳಕು ಬರುತ್ತದೆ ಅನ್ನುವುದೇ ಅವಳಿಗೆ ಹೊಸದು. ಮನೆಗೆ ಬಂದು ದೇವರ ದೀಪದ ಮುಂದೆ ದೂರದಿಂದಲೇ ಅಂಗೈ ಹಿಡಿಸಿದೆ. ಲೈಟ್ ಆರಿಸಿದೆ. ತನ್ನ ಬೆರಳನ್ನು ತಾನೇ ನೋಡಿಕೊಂಡು ಮಾತಾಡದೆ ನಿಂತಳು.

ಪ್ರಿಂಟಿಗೆ ಐದಕ್ಕೆ ಎರಡೂವರೆ. ಹಿಂದಿನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿ, ಹಲ್ದಣಕರ್ ಹೆಸರನ್ನೂ ಗೀತಾ ಅವರ ಹೆಸರನ್ನೂ ನನ್ನ ಕೈಯಲ್ಲೇ ಬರೆದೆ. ಬೀಳ್ಕೊಡುಗೆಯ ದಿನ ಸಿಸ್ಟರ್ ಪೇಪರ್ ಬಿಚ್ಚಿ ನೋಡಿದರು. ನೈಟಿಂಗೇಲ್ ಅನ್ನುತ್ತಾರೆ ಅಂತ ಕಾದಿದ್ದೆ. ಅವರು ಕನ್ನಡಕ ಸರಿ ಮಾಡಿಕೊಂಡು, ‘ಇವಳು ರೌಂಡ್ಸ್‌ಗೆ ಹೊರಟಿಲ್ಲ ಕಣೇ. ಡ್ಯೂಟಿ ಮುಗಿಸಿ ಮನೆಗೆ ಬಂದಿದ್ದಾಳೆ, ಮಲಗಿದವರಿಗೆ ಎಚ್ಚರ ಆಗಬಾರದು ಅಂತ ನೋಡ್ತಿದ್ದಾಳೆ’ ಅಂದರು.

ಅವರ ಮನೆಯಲ್ಲಿ ಅಡುಗೆಮನೆಗೆ ಹೋಗುವ ಓಣಿಯ ಗೋಡೆಗೆ ಹಾಕಿಸಿದ್ದಾರೆ. ಅಲ್ಲಿ ಟ್ಯೂಬ್‌ಲೈಟ್ ಇಲ್ಲ.