ಶ್ಯಾಮ್‌ಬಜಾರಿನ 5ನೇ ನಂಬರ್ ಟ್ರಾಮ್: ನಾಲ್ಕು ವರ್ಷ ಕೂತವನ ಮಾತು

ಬ್ಯಾಂಕಿನ ವರ್ಗಾವಣೆ ನನ್ನನ್ನು ಶಿವಮೊಗ್ಗದಿಂದ ಕೋಲ್ಕತ್ತಾಕ್ಕೆ ತಂದು ಹಾಕಿತು. ಮನೆ ಶ್ಯಾಮ್‌ಬಜಾರ್, ಆಫೀಸು ಎಸ್ಪ್ಲನೇಡ್ ಹತ್ತಿರ. ಬೆಳಿಗ್ಗೆ ಮೆಟ್ರೋ, ಸಂಜೆ 5ನೇ ನಂಬರ್ ಟ್ರಾಮ್. ಮೆಟ್ರೋದಲ್ಲಿ ಕಾಲು ಗಂಟೆ. ಟ್ರಾಮ್‌ನಲ್ಲಿ ಮುಕ್ಕಾಲು ಗಂಟೆ, ಒಮ್ಮೊಮ್ಮೆ ಒಂದೂಕಾಲು ಗಂಟೆ. ಟಿಕೆಟ್ ಹತ್ತು ರೂಪಾಯಿಯೊಳಗೆ.

1873ರಲ್ಲಿ ಇಲ್ಲಿ ಮೊದಲ ಟ್ರಾಮ್ ಎಳೆದದ್ದು ಕುದುರೆಗಳು, ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ. ಕರೆಂಟು ಬಂದದ್ದು 1902ರಲ್ಲಿ. ಹಾತಿಬಾಗಾನ್ ಸಂತೆಗದ್ದಲದಲ್ಲಿ ಸಿಕ್ಕಿಕೊಂಡಾಗ ಕುದುರೆ ಬಿಟ್ಟದ್ದೇ ತಪ್ಪಾಯಿತೇನೋ ಅನ್ನಿಸುತ್ತದೆ.

ನನಗೆ ಇಷ್ಟವಾಗುವ ಭಾಗ ಕಾಲೇಜ್ ಸ್ಟ್ರೀಟ್. ಹಳೇ ಪುಸ್ತಕದ ಅಂಗಡಿಗಳು ರಸ್ತೆಗೇ ಒತ್ತಿಕೊಂಡಿವೆ, ಟ್ರಾಮ್ ನಡೆಯುವವರ ಜೊತೆಗೇ ಹೋಗುತ್ತದೆ. ಕಿಟಕಿಯಿಂದಲೇ ಪುಸ್ತಕದ ಹೆಸರು ಓದಬಹುದು. ಬಂಗಾಳಿ ಅಕ್ಷರ ಕಲಿತದ್ದು ಹಾಗೇ, ಸುಮ್ನೆ ಕೂತು. ಒಂದು ಸಲ ಬೇಕಾದ ಪುಸ್ತಕ ಕಂಡು ಇಳಿದುಬಿಟ್ಟೆ. ಚೌಕಾಸಿ ಮುಗಿಸಿ ತಿರುಗಿದರೆ ಅದೇ ಟ್ರಾಮ್ ಸಿಗ್ನಲ್ ಹತ್ತಿರ ನಿಂತಿತ್ತು! ಮತ್ತೆ ಹತ್ತಿದೆ. ಕಂಡಕ್ಟರ್ ದಾದಾ (ಬಂಗಾಳಿಯಲ್ಲಿ ಅಣ್ಣ) ಹೊಸ ಟಿಕೆಟ್ ಕೇಳಲಿಲ್ಲ.

ಟ್ರಾಮ್ ತಲೆ ಮೇಲೆ ಕರೆಂಟು ಎಳೆದುಕೊಳ್ಳುವ ಕೋಲು ಆಗಾಗ ತಂತಿ ಬಿಟ್ಟು ಜಾರುತ್ತದೆ. ಫ್ಯಾನು, ದೀಪ ಎರಡೂ ಆರುತ್ತವೆ. ಆಗ ದಾದಾ ಕೆಳಗಿಳಿದು, ದೋಟಿಯಲ್ಲಿ ಮಾವಿನಕಾಯಿ ಕೀಳುವವರ ಹಾಗೆ ಕತ್ತೆತ್ತಿ, ಹಗ್ಗ ಎಳೆದು ಅದನ್ನು ತಂತಿಗೆ ಕೂರಿಸುತ್ತಾರೆ. ಇದು ಎರಡು ನಿಮಿಷದ ಕೆಲಸ. ನಿಜವಾದ ತಲೆನೋವು ಬೇರೆಯವರ ಗಾಡಿಗಳದ್ದು. ಒಂದು ಸಂಜೆ ಯಾರೋ ಹಳಿ ಮೇಲೆ ಕಾರು ನಿಲ್ಲಿಸಿ ಹೋಗಿದ್ದರು. ಬಸ್ಸಾದರೆ ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತದೆ, ಇದಕ್ಕೆ ಆಗಲ್ಲ ಅಲ್ವಾ? ಡ್ರೈವರ್ ಕಾಲಿನ ಗಂಟೆ ಒತ್ತೀ ಒತ್ತೀ ಸುಸ್ತಾದರು. ನಲವತ್ತು ನಿಮಿಷ ಹೋಯಿತು. ಕೊನೆಗೆ ನಾವೇ ಏಳೆಂಟು ಜನ ಕಾರನ್ನು ಪಕ್ಕಕ್ಕೆ ತಳ್ಳಿದೆವು.

ಕಾಯುವುದೂ ಜಾಸ್ತಿಯೇ. ಹೌರಾದಲ್ಲಿ ರೈಲು ಹಿಡಿಯಬೇಕು ಅನ್ನುವ ದಿನ ಇದರ ಸಹವಾಸ ಬೇಡ. ಮಳೆ ಜೋರಾದರೆ ಕೇಳಲೇಬೇಡಿ.

ಮದ್ರಾಸಿನಲ್ಲಿ 1953ರಲ್ಲಿ, ಮುಂಬೈಯಲ್ಲಿ 1964ರಲ್ಲಿ ಟ್ರಾಮ್ ನಿಂತುಹೋಯಿತು. ದೇಶದಲ್ಲಿ ಉಳಿದದ್ದು ಇದೊಂದೇ ಊರು. 2024ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸರ್ಕಾರವೂ ಎಸ್ಪ್ಲನೇಡ್‌ನಿಂದ ಮೈದಾನದವರೆಗಿನ (ಊರ ನಡುವಿನ ದೊಡ್ಡ ಹುಲ್ಲು ಬಯಲು) ಟ್ರಾಮ್ ದಾರಿಯ ತುಂಡೊಂದನ್ನು ಮಾತ್ರ ಉಳಿಸುವುದಾಗಿ ಹೇಳಿತು. ಮೈದಾನದ ಹಸಿರು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಟ್ರಾಮ್ ಹತ್ತುವವರು ಫೋಟೋ ತೆಗೆಯುತ್ತಾರೆ. 5ನೇ ನಂಬರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ತೊಡೆ ಮೇಲೆ ಮೀನಿನ ಚೀಲ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು.

ಐದಕ್ಕೆ ನಾಲ್ಕು ನಕ್ಷತ್ರ. ಇನ್ನೊಂದನ್ನು ಆ ಕಾರಿನವನು ತಿಂದ.