ಸೇನೆಯ ಹಳೆಯ ಡೀಸೆಲ್ ಎಂಜಿನ್‌ಗಳು: ಟ್ರೇಲರ್ ಎಳೆಯಲು ಯಾವುದು ಸರಿ?

ಅಮೆರಿಕದ ಸೇನೆ ಬಳಸಿ ಹರಾಜಿಗೆ ಬಿಟ್ಟ ಟ್ರಕ್ಕುಗಳು ಕೊಲೊರಾಡೊದ ಬೆಟ್ಟದ ತಪ್ಪಲಿನ ಜಮೀನುಗಳಲ್ಲಿ ಇಂದಿಗೂ ದುಡಿಯುತ್ತಿವೆ. ಅವುಗಳಲ್ಲಿ ಮೂರಕ್ಕೆ ಒಂದೇ ಟ್ರೇಲರನ್ನು ಕಟ್ಟಿ, ಒಂದೇ ಏರುದಾರಿಯಲ್ಲಿ ಓಡಿಸಿ ನೋಡುವ ಅವಕಾಶ ನನಗೆ ದೊರೆಯಿತು. ಟ್ರೇಲರಿನ ಮೇಲೆ ಒಂದು ಸಣ್ಣ ಅಗೆಯುವ ಯಂತ್ರವಿತ್ತು. ಎಲ್ಲ ಸೇರಿ ತೂಕ ಸುಮಾರು ಮೂರು ಟನ್.

ಮೊದಲನೆಯದು 1980ರ ದಶಕದ ಷೆವರ್ಲೆ ಎಂ1008 ಪಿಕಪ್. ಇದರಲ್ಲಿರುವುದು ಜನರಲ್ ಮೋಟರ್ಸ್‌ನ 6.2 ಲೀಟರ್ ವಿ8 ಡೀಸೆಲ್. 3,600 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 3,600 ಸುತ್ತು) 135 ಅಶ್ವಶಕ್ತಿ, 2,000 ಆರ್‌ಪಿಎಂನಲ್ಲಿ ಸುಮಾರು 325 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಎರಡನೆಯದು ಎರಡೂವರೆ ಟನ್ ಸರಕು ಹೊರುವ ವರ್ಗದ ಎಂ35ಎ2. ಇದರ ಎಲ್‌ಡಿಟಿ-465 ಎಂಜಿನ್ 7.8 ಲೀಟರಿನದು, ಆರು ಸಿಲಿಂಡರಿನದು, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಉಳ್ಳದ್ದು. 2,600 ಆರ್‌ಪಿಎಂನಲ್ಲಿ 134 ಅಶ್ವಶಕ್ತಿ, 1,400ರಲ್ಲಿ 447 ನ್ಯೂಟನ್ ಮೀಟರ್. ಮೂರನೆಯದು ಐದು ಟನ್ ವರ್ಗದ ಎಂ923. ಅದರ 14 ಲೀಟರಿನ ಕಮಿನ್ಸ್ ಎನ್‌ಎಚ್‌ಸಿ-250 ಎಂಜಿನ್ನಿಗೆ ಟರ್ಬೊ ಇಲ್ಲ. 2,100 ಆರ್‌ಪಿಎಂನಲ್ಲಿ 240 ಅಶ್ವಶಕ್ತಿ, 1,500ರಲ್ಲಿ 929 ನ್ಯೂಟನ್ ಮೀಟರ್.

ಮೊದಲ ಎರಡು ಎಂಜಿನ್‌ಗಳ ಅಶ್ವಶಕ್ತಿ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಟ್ರೇಲರನ್ನು ನಿಂತಲ್ಲಿಂದ ಕದಲಿಸುವಾಗ ಅವು ಒಂದೇ ಬಗೆಯವು ಎಂದು ಯಾರೂ ಹೇಳಲಾರರು. ಇದಕ್ಕೆ ಎಂಜಿನ್ನಿನ ಟಾರ್ಕಿಗಿಂತ ಅದರ ಹಿಂದಿರುವ ಗೇರುಗಳೇ ದೊಡ್ಡ ಕಾರಣ. ಆಕ್ಸಲಿನ ಗೇರುಗಳು ಟಾರ್ಕನ್ನು ಎಷ್ಟು ಪಟ್ಟು ಹೆಚ್ಚಿಸುತ್ತವೆ ಎಂದು ಹೇಳುವ ಆಕ್ಸಲ್ ಅನುಪಾತ ಎಂ1008ರದು 4.56, ಎಂ35ಎ2ರದು 6.72. ಗೇರ್‌ಬಾಕ್ಸ್ ಟಾರ್ಕನ್ನು ಬದಲಿಸದ ನೇರ ಗೇರಿನಲ್ಲಿದ್ದಾಗ ಲೆಕ್ಕ ಹಾಕಿದರೆ ಪಿಕಪ್ಪಿನ ಆಕ್ಸಲ್‌ಗೆ ತಲುಪುವುದು ಸುಮಾರು 1,480 ನ್ಯೂಟನ್ ಮೀಟರ್, ಎಂ35ರಲ್ಲಿ ಅದರ ಎರಡರಷ್ಟು, ಅಂದರೆ 3,000. ಎಂ35ರ ದೊಡ್ಡ ಚಕ್ರಗಳು ಈ ಲಾಭದಲ್ಲಿ ಸ್ವಲ್ಪ ಭಾಗವನ್ನು ಮರಳಿ ಕಿತ್ತುಕೊಳ್ಳುತ್ತವೆಯಾದರೂ, ಮಳೆಯಲ್ಲಿ ನೆನೆದ ಹೊಲದೊಳಗಿಂದ ಟ್ರೇಲರನ್ನು ಹೊರಗೆಳೆಯುವಾಗ ಆ ಟ್ರಕ್ಕು ಆಕ್ಸಿಲರೇಟರನ್ನು ಬಹುಮಟ್ಟಿಗೆ ತುಳಿಯದೆಯೇ, ಟರ್ಬೊ ಸಣ್ಣಗೆ ಸೀಟಿ ಹಾಕುತ್ತಿರುವಂತೆ, ಹೊರಟುಬಿಟ್ಟಿತು. ಪಿಕಪ್ಪಿಗೆ ಅದೇ ಜಾಗದಲ್ಲಿ ಲೋ ರೇಂಜ್ (ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಗೇರು) ಹಾಕಲೇಬೇಕಾಯಿತು.

ಡಾಂಬರಿನ ಏರಿನಲ್ಲಿ ಮಾತ್ರ ಚಿತ್ರ ಬದಲಾಯಿತು, ಮತ್ತು ಕೊಳ್ಳುವವರು ಹೆಚ್ಚು ಗಮನಿಸಬೇಕಾದ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ. ನೂರಕ್ಕೆ ಆರರಷ್ಟು ಏರು ಇರುವ ದಾರಿಯಲ್ಲಿ ಮೂರು ವಾಹನಗಳೂ ಗಂಟೆಗೆ 45ರಿಂದ 50 ಕಿಲೋಮೀಟರ್ ಆಸುಪಾಸಿನಲ್ಲೇ ಹತ್ತಿದವು. ಏರು ಹತ್ತುವ ವೇಗವನ್ನು ನಿರ್ಧರಿಸುವುದು ಅಶ್ವಶಕ್ತಿ. ಆ ಅಶ್ವಶಕ್ತಿಯಲ್ಲಿ ಮೊದಲ ಪಾಲು ಹೋಗುವುದು ವಾಹನದ ಸ್ವಂತ ತೂಕಕ್ಕೆ. ಪಿಕಪ್ಪಿನ ತೂಕ 2.7 ಟನ್, ಎಂ35ರದು ಸುಮಾರು ಆರು ಟನ್, ಎಂ923ರದು ಹತ್ತು ಟನ್ನಿನ ಹತ್ತಿರ. ಮೂರು ಟನ್ನಿನ ಟ್ರೇಲರನ್ನು ಎಳೆಯಲು ಹತ್ತು ಟನ್ನಿನ ಟ್ರಕ್ಕನ್ನು ಬೆಟ್ಟ ಹತ್ತಿಸುವುದೆಂದರೆ ಡೀಸೆಲ್ಲಿನ ಬಹುಪಾಲು ಟ್ರಕ್ಕಿಗೇ ಖರ್ಚಾಯಿತೆಂದು ಅರ್ಥ. ಟ್ರೇಲರಿನ ತೂಕ ಏಳೆಂಟು ಟನ್ ಆದಾಗ ಮಾತ್ರ ಕಮಿನ್ಸ್‌ನ 929 ನ್ಯೂಟನ್ ಮೀಟರ್ ತನ್ನ ಬೆಲೆಯನ್ನು ಸಾಬೀತುಪಡಿಸುತ್ತದೆ. ಅಷ್ಟು ಭಾರಕ್ಕೆ ಪಿಕಪ್ಪನ್ನು ಕಟ್ಟುವ ಮಾತೇ ಇಲ್ಲ. ಎಂ35ಕ್ಕೂ ಸೇನೆ ನಿಗದಿಪಡಿಸಿದ ಮಿತಿ ರಸ್ತೆಯ ಮೇಲೆ ಸುಮಾರು 4,500 ಕಿಲೋ, ರಸ್ತೆಯಿಂದಾಚೆ 2,700 ಕಿಲೋ.

ಎತ್ತರದ ಪ್ರಭಾವವನ್ನೂ ಇಲ್ಲಿ ಹೇಳಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇಕಡಾ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್ ಇರುವುದೇ 1,600 ಮೀಟರ್ ಎತ್ತರದಲ್ಲಿ, ಅಲ್ಲಿಗೆ ಪಿಕಪ್ಪಿನ 6.2 ಲೀಟರ್ ಎಂಜಿನ್ನಿನ 135 ಅಶ್ವಶಕ್ತಿ 113ಕ್ಕೂ, ಕಮಿನ್ಸ್‌ನ 240 ಸುಮಾರು 200ಕ್ಕೂ ಇಳಿಯುತ್ತದೆ. ಎಲ್‌ಡಿಟಿ ತನ್ನ ಟರ್ಬೊದಿಂದಾಗಿ ಈ ನಷ್ಟವನ್ನು ಬಹಳಮಟ್ಟಿಗೆ ತುಂಬಿಕೊಳ್ಳುತ್ತದೆ. ಇದೇ ಪರೀಕ್ಷೆಯನ್ನು ಸಮುದ್ರಮಟ್ಟದ ಊರಿನಲ್ಲಿ ಮಾಡಿದ್ದರೆ ಪಿಕಪ್ ಮುಂದೆ ಹೋಗುತ್ತಿದ್ದುದರಲ್ಲಿ ಸಂಶಯವಿಲ್ಲ. ಅದರ ಮೂರೇ ಗೇರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಏರಿನಲ್ಲಿ ಅಡ್ಡಿಯೇ: ಮೂರನೆಯ ಗೇರಿನಲ್ಲಿ ಎಂಜಿನ್ ಸೋಲುತ್ತದೆ, ಎರಡನೆಯದಕ್ಕೆ ಇಳಿದರೆ ಕ್ಯಾಬಿನ್ನಿನಲ್ಲಿ ಮಾತು ಕೇಳಿಸದಷ್ಟು ಅರಚುತ್ತದೆ.

ಎಲ್‌ಡಿಟಿಯ ಇನ್ನೊಂದು ಗುಣವೆಂದರೆ ಅದು ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ತೀರಾ ಅಗತ್ಯ ಬಿದ್ದರೆ ಪೆಟ್ರೋಲಿನಲ್ಲೂ ಓಡುವಂತೆ ರೂಪಿಸಿದ ಎಂಜಿನ್. ಪಿಸ್ಟನ್ನಿನ ತಲೆಯಲ್ಲಿರುವ ಗುಂಡನೆಯ ಕುಳಿಯ ಗೋಡೆಗೆ ಇಂಧನವನ್ನು ಸವರಿದಂತೆ ಚಿಮ್ಮಿಸಿ ಉರಿಸುವ ಈ ಪದ್ಧತಿ ಜರ್ಮನಿಯ ಮ್ಯಾನ್ ಕಂಪನಿಯದು. ನಮ್ಮ ಸೇನೆಗಾಗಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಟ್ರಕ್ಕಿನ ಮೂಲವೂ ಅದೇ ಕಂಪನಿ. ಆದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಹಾಳೆ) ಈ ಎಂಜಿನ್ನಿನ ದುರ್ಬಲ ಜಾಗವಾದ್ದರಿಂದ, ಇಂಧನದ ಪ್ರಮಾಣ ಹೆಚ್ಚಿಸಿ ಶಕ್ತಿ ಏರಿಸಿರುವ ಟ್ರಕ್ಕನ್ನು ನಾನಂತೂ ಕೊಳ್ಳಲಾರೆ. 6.2ರಲ್ಲಿ ಮುಖ್ಯ ಬೇರಿಂಗ್ ಕೂರುವ ಭಾಗದಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಕಮಿನ್ಸ್ ಮೂರರಲ್ಲೂ ಗಟ್ಟಿ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಆದರೆ ಬ್ರೇಕ್ ಹಿಡಿದಾಗ ಚಕ್ರಗಳು ಬಿಗಿದುಕೊಂಡು ಅಪಘಾತಗಳಾದ ಕಾರಣಕ್ಕೆ ಸೇನೆಯೇ ಎಂ923ರ ಬಗೆಯ ಟ್ರಕ್ಕುಗಳ ವೇಗವನ್ನು ಗಂಟೆಗೆ 40 ಮೈಲಿಗೆ ಮಿತಿಗೊಳಿಸಿ ಅನಂತರ ಎಬಿಎಸ್ ಅಳವಡಿಸಿತ್ತು. ಎಬಿಎಸ್ ಇಲ್ಲದ ಎಂ923ಕ್ಕೆ ಟ್ರೇಲರ್ ಕಟ್ಟಬಾರದು.

ಮೂರು ಟನ್ನಿನವರೆಗೆ, ಹೆಚ್ಚಾಗಿ ರಸ್ತೆಯ ಮೇಲೆಯೇ ಎಳೆಯುವವರಿಗೆ ಎಂ1008 ಸಾಕು. ಕೆಸರು, ಕಾಡುದಾರಿ, ಎತ್ತರದ ಊರು ಇದ್ದಲ್ಲಿ ನಾನು ಎಂ35ನ್ನೇ ಆರಿಸುತ್ತೇನೆ. ಇದನ್ನಾಗಲಿ ಎಂ923ನ್ನಾಗಲಿ ತಂದವರು ಟ್ರೇಲರಿನ ವಿದ್ಯುತ್ ಬ್ರೇಕಿನ ವಿಷಯವನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಈ ಎರಡು ಟ್ರಕ್ಕುಗಳದ್ದೂ 24 ವೋಲ್ಟ್ ವ್ಯವಸ್ಥೆ, ಸಾಮಾನ್ಯ ಟ್ರೇಲರಿನ ಬ್ರೇಕ್ ಮತ್ತು ದೀಪಗಳು 12 ವೋಲ್ಟಿನವು. ನಡುವೆ ಸಾಕಷ್ಟು ಆಂಪಿಯರ್ ಕೊಡಬಲ್ಲ ಒಂದು ಕನ್ವರ್ಟರನ್ನು ಕೂರಿಸಿ, ಬ್ರೇಕ್ ನಿಯಂತ್ರಕವನ್ನು ಅದರಿಂದಲೇ ನಡೆಸಿದ ಮೇಲಷ್ಟೇ ನಾವು ಎಂ35ನ್ನು ಇಳಿಜಾರಿಗೆ ಬಿಟ್ಟೆವು.