ನ್ಯೂರೋಫೈಬ್ರೊಮ್ಯಾಟೋಸಿಸ್ ಇರುವವರು ಆಪರೇಷನ್‌ಗೆ ಮುನ್ನ ಈ ಪರೀಕ್ಷೆ ಮಾಡಿಸಿಕೊಳ್ಳಿ

ಎಳವೆಯಿಂದಲೇ ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು, ಹರೆಯ ಬಂದ ಮೇಲೆ ಚರ್ಮದಲ್ಲಿ ಮೆತ್ತನೆಯ ಗಂಟುಗಳು ಕಾಣಿಸಿಕೊಳ್ಳುವ ನ್ಯೂರೋಫೈಬ್ರೊಮ್ಯಾಟೋಸಿಸ್ ಟೈಪ್ 1 ಎಂಬ ಆನುವಂಶಿಕ ಕಾಯಿಲೆ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನರಗಳ ಮೇಲೆ ಗಂಟು ಬೆಳೆಸುವ ಈ ಕಾಯಿಲೆ ಕೆಲವರಲ್ಲಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಗೆಡ್ಡೆಯನ್ನು ಹುಟ್ಟಿಸುತ್ತದೆ. ಫಿಯೋಕ್ರೋಮೋಸೈಟೋಮಾ ಎನ್ನುವ ಆ ಗೆಡ್ಡೆ ಇರುವುದು ತಿಳಿಯದೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು. ನಮ್ಮ ಅಕ್ಕನ ವಿಷಯದಲ್ಲಿ ಹಾಗೆಯೇ ಆಯಿತು.

ನಲವತ್ತು ದಾಟಿದ ಮೇಲೆ ಅಕ್ಕನಿಗೆ ಆಗಾಗ ಒಂದು ಬಗೆಯ ತೊಂದರೆ ಬರತೊಡಗಿತ್ತು. ಬಾಗಿ ಬಟ್ಟೆ ಹಿಂಡುತ್ತಿದ್ದವರು ಇದ್ದಕ್ಕಿದ್ದಂತೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮುಖ ಸುಣ್ಣದಂತೆ ಬಿಳಿಚಿಕೊಂಡು, ರವಿಕೆಯ ಬೆನ್ನೆಲ್ಲ ಬೆವರಿನಿಂದ ತೊಯ್ದು, ತಲೆ ಸಿಡಿಯುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ ಎನ್ನುತ್ತಿದ್ದರು. ಕ್ಲಿನಿಕ್ ತಲುಪುವಷ್ಟರಲ್ಲಿ ಎಲ್ಲವೂ ಇಳಿದು ಬಿ.ಪಿ. ಸಾಮಾನ್ಯವಾಗಿರುತ್ತಿತ್ತು. ಒಬ್ಬ ವೈದ್ಯರು ಮುಟ್ಟು ನಿಲ್ಲುವ ವಯಸ್ಸಿನ ಲಕ್ಷಣ ಎಂದರು, ಇನ್ನೊಬ್ಬರು ಗಾಬರಿಯ ಸ್ವಭಾವ ಎಂದು ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಟ್ಟರು. ಕೈತುಂಬ ಗಂಟುಗಳಿರುವುದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು. ಆ ಮಾತ್ರೆ ಶುರುವಾದ ಮೇಲೆ ತಲೆನೋವು ಇನ್ನಷ್ಟು ಉಗ್ರವಾಯಿತು. ಅಡ್ರಿನಲಿನ್ ಜಾತಿಯ ಹಾರ್ಮೋನುಗಳನ್ನು ಈ ಗೆಡ್ಡೆ ರಕ್ತಕ್ಕೆ ಸುರಿಯುತ್ತಿರುವಾಗ ಬೀಟಾ ಬ್ಲಾಕರ್ ಒಂದನ್ನೇ ಕೊಟ್ಟರೆ, ರಕ್ತನಾಳಗಳನ್ನು ಹಿಗ್ಗಿಸುವ ದಾರಿ ಮುಚ್ಚಿ ಬಿಗಿಯುವ ದಾರಿ ಮಾತ್ರ ತೆರೆದಿರುತ್ತದೆ, ಬಿ.ಪಿ. ಮತ್ತಷ್ಟು ಏರುತ್ತದೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಪಿತ್ತಕೋಶದ ಕಲ್ಲಿಗೆಂದು ಆಸ್ಪತ್ರೆಗೆ ಸೇರಿಸಿದಾಗ ಇ.ಸಿ.ಜಿ., ಎಕೋ, ಸಕ್ಕರೆ ಎಲ್ಲ ನೋಡಿ ಫಿಟ್‌ನೆಸ್ ಕೊಟ್ಟರು. ಲ್ಯಾಪರೋಸ್ಕೋಪಿಗಾಗಿ ಹೊಟ್ಟೆಗೆ ಗ್ಯಾಸ್ ತುಂಬಿಸುತ್ತಿದ್ದಂತೆ ಬಿ.ಪಿ. 250 ದಾಟಿತು. ಆಪರೇಷನ್ ಅರ್ಧಕ್ಕೇ ನಿಂತಿತು, ಶ್ವಾಸಕೋಶದಲ್ಲಿ ನೀರು ತುಂಬಿತು, ಅಕ್ಕ ವೆಂಟಿಲೇಟರ್ ಮೇಲೆ ಹೋದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸಾಗಿಸಿದ ಮೇಲೆ, ಅಲ್ಲಿನ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಗಂಟುಗಳನ್ನು ನೋಡಿದೊಡನೆ, ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಒಡೆದು ಉಂಟಾಗುವ ಮೆಟಾನೆಫ್ರಿನ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಬರೆದರು. ಅದರ ಬೆನ್ನಲ್ಲೇ ಸಿ.ಟಿ. ಸ್ಕ್ಯಾನ್‌ನಲ್ಲಿ ಬಲಗಡೆಯ ಅಡ್ರಿನಲ್ ಗೆಡ್ಡೆ ಕಂಡಿತು. ಮೊದಲು ರಕ್ತನಾಳಗಳ ಬಿಗಿತ ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ, ಜೊತೆಗೆ ಉಪ್ಪು ಮತ್ತು ನೀರು ಹೆಚ್ಚಿಸಿದ ಆಹಾರ, ಬಿ.ಪಿ. ಹತೋಟಿಗೆ ಬಂದ ಮೇಲಷ್ಟೇ ಬೀಟಾ ಬ್ಲಾಕರ್, ಆನಂತರ ಆಪರೇಷನ್. ಈ ಕ್ರಮದಲ್ಲಿ ನಡೆದಾಗ ಅದೇ ದೇಹ ಅದೇ ಅರಿವಳಿಕೆಯನ್ನು ತಾಳಿಕೊಂಡಿತು. ಸಿದ್ಧತೆಯೊಂದೇ ವ್ಯತ್ಯಾಸ ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಆದ್ದರಿಂದ, ಈ ಕಾಯಿಲೆ ಇರುವವರು ಯಾವುದೇ ಆಪರೇಷನ್‌ಗೆ ಮುನ್ನ, ಗರ್ಭ ಧರಿಸುವ ಯೋಚನೆ ಇದ್ದಾಗ, ಅಥವಾ ಬಿ.ಪಿ. ಹೆಚ್ಚಿರುವುದು ತಿಳಿದಾಗ, ರಕ್ತದಲ್ಲಿ ಪ್ಲಾಸ್ಮಾ ಫ್ರೀ ಮೆಟಾನೆಫ್ರಿನ್ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಸಾಮಾನ್ಯ ಫಿಟ್‌ನೆಸ್ ಪರೀಕ್ಷೆಗಳಲ್ಲಿ ಇದು ಇರುವುದಿಲ್ಲ. ರಕ್ತ ತೆಗೆಯುವ ಮುನ್ನ ಸುಮಾರು ಅರ್ಧ ಗಂಟೆ ಅಂಗಾತ ಮಲಗಿರಬೇಕು, ಇಲ್ಲವಾದರೆ ಅಂಕಿ ಸುಮ್ಮನೆ ಏರಿ ಕಾಣಬಹುದು. ಖಿನ್ನತೆಯ ಕೆಲವು ಮಾತ್ರೆಗಳೂ ಫಲಿತಾಂಶವನ್ನು ಕೆಡಿಸುವುದರಿಂದ, ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ಮೊದಲೇ ತಿಳಿಸಿ. ಈಗಾಗಲೇ ಬೀಟಾ ಬ್ಲಾಕರ್ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಸ್ಟೀರಾಯ್ಡ್‌ಗಳು ಕೂಡ ಈ ಗೆಡ್ಡೆಯನ್ನು ಕೆರಳಿಸಬಲ್ಲವು. ಅಡ್ರಿನಲ್‌ನಲ್ಲಿ ಗೆಡ್ಡೆ ಕಂಡಿದ್ದರೆ, ಈ ಪರೀಕ್ಷೆಯ ವರದಿ ಬರುವ ಮುನ್ನ ಸೂಜಿ ಚುಚ್ಚಿ ಬಯಾಪ್ಸಿ ಮಾಡಲು ಯಾವ ಕಾರಣಕ್ಕೂ ಒಪ್ಪಬೇಡಿ.

ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ಶೇ. 50. ಅಕ್ಕನ ಮಗನಿಗೂ ಮಚ್ಚೆಗಳಿವೆ. ಅವನ ಬಿ.ಪಿ.ಯನ್ನು ಈಗ ವರ್ಷವರ್ಷವೂ ನೋಡಿಸುತ್ತಿದ್ದೇವೆ, ಹಲ್ಲು ಕೀಳಿಸಲು ಹೋದರೂ ಕಾಯಿಲೆಯ ಹೆಸರನ್ನು ಮೊದಲು ಹೇಳುತ್ತೇವೆ.